ಕರೆದರೆ ಬರುವ ನಾಯಿ

ಗೋಪಿನಾಥಂಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, 1991ರ ನವೆಂಬರ್ 10ರಂದು ಇದೇ ಕಾಡಿನಲ್ಲಿ ಪ್ರಾಣ ಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನೆನೆದು ಈ ದತ್ತಿ ಉಪನ್ಯಾಸ ಆರಂಭಿಸುತ್ತೇನೆ.

ದತ್ತಿ ಬಿಡುವುದು ಗುಡಿಗೆ, ಮಠಕ್ಕೆ, ಕೆರೆಗೆ, ವಿದ್ಯೆಗೆ. ನಮ್ಮ ನಾಡಿನಲ್ಲಿ ಒಂದು ನಾಯಿಯ ಹೆಸರಿನಲ್ಲೂ ಭೂಮಿ ಬಿಟ್ಟಿದ್ದಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ ಆ ಕಥೆಯನ್ನು ಹೇಳುತ್ತದೆ. ಶಕ ವರ್ಷ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗನ ಜೊತೆಗೂಡಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಬೂತುಗನ ಕಡೆಯ ಮಣಲೇರ ಎಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕು ಕೇಳು ಎಂದ ರಾಜನ ಬಳಿ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಸೆಣಸಿತು. ಎರಡೂ ಅಲ್ಲೇ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಊಟ ಮಾಡಿದ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿಯೂ ಹಂದಿಯೂ ಮುಖಾಮುಖಿಯಾಗಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಊರಿನ ಮಕ್ಕಳು ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ಪಕ್ಕದ ಆ ಕೆಂಪು ಕಟ್ಟಡಕ್ಕೆ ಹೋಗಿ ಕಾಳಿಯನ್ನು ನೋಡಿ ಬರಬೇಕು.

ಗೊರವರನ್ನು ನಮ್ಮ ಚಾಮರಾಜನಗರ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರಡಿ ಕೂದಲಿನ ಟೋಪಿ ತೊಟ್ಟು, ಡಮರುಗ ಹಿಡಿದು ಕುಣಿಯುವ ಮೈಲಾರಲಿಂಗನ ಗೊರವರು ದೋಣಿ ಸೇವೆಯ ಹೊತ್ತಿನಲ್ಲಿ ನಾಯಿಯಂತೆ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುತ್ತಾರೆ. ದೇವರ ಬಂಟನಾಗಿ ನಾಯಿಯನ್ನು ಹೀಗೆ ಮೈಮೇಲೆ ತಂದುಕೊಳ್ಳುವ ಸೀಮೆ ನಮ್ಮದು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿಯಿದೆ.

ಇಷ್ಟು ಗೌರವ ಪಡೆದ ಪ್ರಾಣಿ ನಮ್ಮ ಅಂಗಳದಲ್ಲಿ ಹೇಗೆ ಬದುಕುತ್ತಿದೆ ಎಂಬುದು ಇಂದಿನ ನನ್ನ ವಿಷಯ. ಪಶುವೈದ್ಯನಾಗಿ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಓಡಾಡುವಾಗ ನಾನು ಹೆಚ್ಚಾಗಿ ನೋಡಿದ್ದು ಎರಡು ಬಗೆಯ ನಾಯಿಗಳನ್ನು. ಹಗಲಿರುಳು ಸರಪಳಿಯಲ್ಲೇ ಇರುವ ನಾಯಿ ಒಂದು. ಯಾರ ಮಾತಿಗೂ ಸಿಗದೆ ಕಾಡಿಗೂ ಊರಿಗೂ ಅಲೆಯುವ ನಾಯಿ ಇನ್ನೊಂದು. ಮೊದಲನೆಯದು ಸಿಟ್ಟಿನಲ್ಲಿ ಬದುಕುತ್ತದೆ, ಎರಡನೆಯದು ಹೆಚ್ಚು ದಿನ ಬದುಕುವುದಿಲ್ಲ. ಬಿಚ್ಚಿದರೂ ಮನೆ ಬಿಡದ, ಕರೆದರೆ ಓಡಿ ಬರುವ, ಸೂಜಿ ಚುಚ್ಚಿಸಿಕೊಳ್ಳಲು ನಿಲ್ಲುವ ಮೂರನೆಯ ಬಗೆಯ ನಾಯಿಯನ್ನು ಕೋಲಿಲ್ಲದೆ ಯಾವ ಮನೆಯವರಾದರೂ ತಯಾರು ಮಾಡಬಹುದು. ಕೋಲಿನಿಂದ ಅದು ಆಗುವುದಿಲ್ಲ. ಇದನ್ನು ನಿಮಗೆ ಒಪ್ಪಿಸಲೆಂದೇ ಬಂದಿದ್ದೇನೆ.

ಇದು ಬೆಂಗಳೂರಿನವರ ಶೋಕಿ, ಹೊಲ ಕಾಯುವವರಿಗೆ ಇದೆಲ್ಲ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನಾನು ಹೇಳುತ್ತೇನೆ, ಬೆಂಗಳೂರಿಗಿಂತ ಗೋಪಿನಾಥಂಗೆ ಇದು ಹೆಚ್ಚು ಬೇಕು. ನಿಮ್ಮ ಊರಿನ ಸುತ್ತ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಆ ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ. ಆನೆ, ಚಿರತೆ, ಕರಡಿ ನಿಮ್ಮ ನೆರೆಹೊರೆ. ಆನೆಯನ್ನು ಕಂಡ ನಾಯಿ ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತು. ಬೊಗಳುತ್ತಾ ಕಾಲಿನ ಹತ್ತಿರಕ್ಕೆ ನುಗ್ಗುತ್ತದೆ. ಆನೆ ತಿರುಗಿ ಅಟ್ಟಿಸಿಕೊಂಡು ಬಂದಾಗ ನಾಯಿ ಓಡಿ ಬರುವುದು ತನ್ನ ಯಜಮಾನನ ಕಡೆಗೇ, ಹಿಂದೆ ಆನೆಯನ್ನೂ ಕರೆದುಕೊಂಡು. ಕರಡಿಯ ವಿಷಯದಲ್ಲೂ ಇದೇ. ಆನೆ ದೂರದಲ್ಲಿ ಕಂಡ ಕೂಡಲೇ, ನಾಯಿ ನುಗ್ಗುವ ಮೊದಲೇ ‘ಬಾ’ ಎಂದು ಕರೆದು ಕಾಲಬಳಿ ತಂದುಕೊಳ್ಳಬಲ್ಲವನು ಬದುಕುತ್ತಾನೆ, ಅವನ ನಾಯಿಯೂ ಬದುಕುತ್ತದೆ. ಪೇಟೆಯವರ ನಾಯಿ ಕರೆದಾಗ ಬರದಿದ್ದರೆ ಅವರಿಗೆ ಹತ್ತು ನಿಮಿಷ ತಡವಾಗುತ್ತದೆ. ಇಲ್ಲಿ ಹೋಗುವುದು ಜೀವ.

ಹಾಗಾದರೆ ನಮ್ಮ ನಾಯಿಗಳು ಕರೆದರೆ ಯಾಕೆ ಬರುವುದಿಲ್ಲ? ಬಂದರೆ ಏನಾಗುತ್ತದೆ ಎಂಬುದನ್ನು ನಾವೇ ಅವುಗಳಿಗೆ ಕಲಿಸಿದ್ದೇವೆ. ನಾಯಿ ಕೋಳಿ ಅಟ್ಟಿಸಿತು ಎನ್ನಿ. ಯಜಮಾನ ಕೂಗುತ್ತಾನೆ, ಬೈಯುತ್ತಾನೆ. ಕೊನೆಗೂ ನಾಯಿ ಬಾಲ ಮುದುರಿಕೊಂಡು ಹತ್ತಿರ ಬರುತ್ತದೆ. ಬಂದದ್ದೇ ತಡ, ಏಟು ಬೀಳುತ್ತದೆ. ಯಜಮಾನನ ಲೆಕ್ಕದಲ್ಲಿ ಆ ಏಟು ಕೋಳಿ ಅಟ್ಟಿಸಿದ್ದಕ್ಕೆ. ನಾಯಿಯ ಲೆಕ್ಕದಲ್ಲಿ ಅದು ಹತ್ತಿರ ಬಂದದ್ದಕ್ಕೆ. ನಾಯಿ ತನ್ನ ನಡೆಗೂ ಅದರ ಫಲಕ್ಕೂ ಗಂಟು ಹಾಕುವುದು ಒಂದೆರಡು ಕ್ಷಣಗಳ ಒಳಗೆ. ಐದು ನಿಮಿಷದ ಹಿಂದಿನ ಕೋಳಿ ಆ ಗಂಟಿಗೆ ಸಿಗುವುದಿಲ್ಲ. ನಾಲ್ಕು ಸಲ ಹೀಗಾದರೆ ಐದನೆಯ ಸಲ ‘ಬಾ’ ಎಂಬ ಸದ್ದಿಗೇ ಅದು ಬೇಲಿ ಹಾರುತ್ತದೆ. ಇನ್ನೊಂದು ಬಗೆಯಿದೆ. ಕರೆದಾಗ ಬಂದ ನಾಯಿಯನ್ನು ಪ್ರತಿ ಸಲವೂ ಸರಪಳಿಗೆ ಸಿಕ್ಕಿಸುತ್ತೇವೆ. ಆಗಲೂ ಅದು ಅದೇ ಪಾಠ ಕಲಿಯುತ್ತದೆ.

ರಾಮಾಪುರದ ಕಡೆಯ ಒಬ್ಬ ಅಜ್ಜಿ ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಅವರ ಮನೆಯ ನಾಯಿ ಕರಿಯ, ಮಗನ ಕೈಗೆ ಸಿಗುತ್ತಿರಲಿಲ್ಲ, ಅಜ್ಜಿಯ ಕೈಗೆ ಸಿಗುತ್ತಿತ್ತು. “ಡಾಕ್ಟ್ರ, ಮಗ ಕೂಗುದ್ರ ಓಡೋಯ್ತದ, ನಾ ಕರುದ್ರ ಬತ್ತದ. ನಾನೇನ್ ಮಾಟ ಮಾಡ್ಸಿದ್ದೀನಾ? ಬಂದಾಗೆಲ್ಲ ಒಂದ್ ಚೂರು ಮುದ್ದ ಹಾಕ್ತೀನಿ, ಅಷ್ಟ” ಎಂದರು. ವಿಜ್ಞಾನ ಕಂಡುಕೊಂಡದ್ದೂ ಇದನ್ನೇ.

1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಬಾಗಿಲು ತೆರೆಯುವುದನ್ನು ಕಲಿಯುವ ಬಗೆಯನ್ನು ಅಳೆದರು. ಒಳ್ಳೆಯ ಫಲ ಕೊಟ್ಟ ನಡೆ ಮತ್ತೆ ಮತ್ತೆ ಬರುತ್ತದೆ, ಫಲ ಕೊಡದ ನಡೆ ಅಳಿಯುತ್ತದೆ ಎಂಬ ಅವರ ನಿಯಮವನ್ನು ಬಿ.ಎಫ್. ಸ್ಕಿನ್ನರ್ ಬೆಳೆಸಿದರು. ನಮ್ಮ ಶಿಕ್ಷಕರು ತಮ್ಮ ತರಬೇತಿಯಲ್ಲಿ ಧನಾತ್ಮಕ ಪುನರ್ಬಲನ ಎಂದು ಓದುವುದು ಇದನ್ನೇ. ಸ್ಕಿನ್ನರ್ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲಿ ಇದನ್ನು ಪ್ರಯೋಗಶಾಲೆಯಿಂದ ಕೋಳಿ, ಹಂದಿ, ನಾಯಿಗಳ ಬಳಿಗೆ ತಂದರು. ನಾಯಿ ಸಾಕುವವರ ಮನೆಗೆ ತಲುಪಿಸಿದ್ದು ಕ್ಯಾರನ್ ಪ್ರಯರ್ ಎಂಬ ಹೆಣ್ಣುಮಗಳು. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದವರು ಅವರು. ಡಾಲ್ಫಿನ್‌ಗೆ ಹಗ್ಗ ಕಟ್ಟಲಾಗದು, ಹೊಡೆಯಲಾಗದು. ಗದರಿದರೆ ಅದು ಈಜಿ ದೂರ ಹೋಗುತ್ತದೆ. ಕೈಯಲ್ಲಿರುವುದು ಒಂದು ಸೀಟಿ, ಒಂದು ಬಕೆಟ್ ಮೀನು ಮಾತ್ರ. ಸರಿಯಾಗಿ ಮಾಡಿದ ಕ್ಷಣಕ್ಕೆ ಸೀಟಿ, ಸೀಟಿಯ ಹಿಂದೆಯೇ ಮೀನು. 1984ರಲ್ಲಿ ಬಂದ ಅವರ ‘ಡೋಂಟ್ ಶೂಟ್ ದಿ ಡಾಗ್’ ಪುಸ್ತಕದ ನಂತರ ನಾಯಿ ತರಬೇತಿಯ ದಾರಿಯೇ ಹೊರಳಿತು. ಕಾಡಿನಲ್ಲಿ ಇನ್ನೂರು ಗಜ ದೂರದಲ್ಲಿರುವ ನಿಮ್ಮ ನಾಯಿಯೂ ನೀರಿನಲ್ಲಿರುವ ಆ ಡಾಲ್ಫಿನ್ ತರವೇ. ನಿಮ್ಮ ಕೋಲು ಅಲ್ಲಿಗೆ ಮುಟ್ಟುವುದಿಲ್ಲ.

ಇದಕ್ಕೆ ಎದುರಾಗಿ ನಿಂತಿದ್ದ ಒಂದು ವಾದವನ್ನೂ ಹೇಳಬೇಕು. ನಾಯಿ ತೋಳದ ಕುಲದ್ದು, ತೋಳದ ಹಿಂಡಿನಲ್ಲಿ ಬಲಶಾಲಿಯೊಬ್ಬ ಎಲ್ಲರನ್ನೂ ಅದುಮಿ ಆಳುತ್ತಾನೆ, ಆದ್ದರಿಂದ ಯಜಮಾನನೂ ಅದುಮಿಯೇ ಆಳಬೇಕು ಎಂಬ ವಾದ. ಅದರ ಬೇರು ರುಡಾಲ್ಫ್ ಶೆಂಕೆಲ್ ಎಂಬವರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಬರಹದಲ್ಲಿದೆ. ಡೇವಿಡ್ ಮೀಚ್ ಎಂಬ ತೋಳ ತಜ್ಞರು 1970ರ ತಮ್ಮ ಪುಸ್ತಕದಲ್ಲಿ ಅದನ್ನು ಮುಂದುವರಿಸಿದರು. ಆಮೇಲೆ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಇದ್ದು ನೋಡಿದಾಗ ಅವರಿಗೆ ಕಂಡದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. 1999ರಲ್ಲಿ ತಮ್ಮ ಹಳೆಯ ಮಾತನ್ನು ಅವರೇ ತಿದ್ದಿದರು, ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನೂ ಕೇಳಿಕೊಂಡರು. ಇದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಕೆನ್ನಾಯಿಗಳನ್ನು ಅಧ್ಯಯನ ಮಾಡಿದರು. ಕೃಪಾಕರ ಮತ್ತು ಸೇನಾನಿ ಅದೇ ಕೆನ್ನಾಯಿಗಳ ಬೆನ್ನು ಹತ್ತಿ ‘ದಿ ಪ್ಯಾಕ್’ ಎಂಬ ಚಿತ್ರ ಮಾಡಿದರು. 1997ರಲ್ಲಿ ವೀರಪ್ಪನ್ ಒತ್ತೆಯಾಳುಗಳಾಗಿ ಹದಿನಾಲ್ಕು ದಿನ ಕಾಡಿನಲ್ಲಿದ್ದವರೂ ಇವರೇ ಎಂಬುದು ಈ ಊರಿನ ಹಿರಿಯರಿಗೆ ನೆನಪಿರುತ್ತದೆ. ಬೇಟೆಯಿಂದ ಮರಳಿದ ಕೆನ್ನಾಯಿಗಳು ಮರಿಗಳಿಗೆ ಹೊಟ್ಟೆಯಿಂದ ಆಹಾರ ಕಕ್ಕಿ ಉಣಿಸುತ್ತವೆ. ತಾಯಿ ಮಾತ್ರವಲ್ಲ, ಹಿಂಡಿನ ಉಳಿದವೂ ಉಣಿಸುತ್ತವೆ. ಹಿಂಡನ್ನು ಕಟ್ಟಿಹಿಡಿದಿರುವುದು ಆ ಉಣಿಸುವಿಕೆ.

ಹೊಡೆತದಿಂದ ಕಲಿಸಿದ ನಾಯಿಗೆ ಒಳಗೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಪೋರ್ಚುಗಲ್‌ನ ಸಂಶೋಧಕರು ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ಗಮನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಗದರಿ, ಎಳೆದು ಕಲಿಸುವ ಶಾಲೆಗಳ ನಾಯಿಗಳು ಹೆಚ್ಚು ತೇಕುತ್ತಿದ್ದವು, ಮೈ ಮುದುರಿಕೊಳ್ಳುತ್ತಿದ್ದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಏರಿತ್ತು. ಪ್ರಾಣಿಗಳ ವರ್ತನೆಯನ್ನೇ ಅಭ್ಯಾಸ ಮಾಡಿದ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ, ನಾಯಿಗೆ ಏನು ಕಲಿಸುವುದಿದ್ದರೂ ಬಹುಮಾನದ ದಾರಿಯಲ್ಲೇ ಕಲಿಸಬೇಕು ಎಂದು ಹೇಳಿತು. ಪಶುವೈದ್ಯನಾಗಿ ನಾನೂ ಅದನ್ನೇ ಹೇಳುತ್ತೇನೆ.

ಈಗ ಕಲಿಸುವ ಬಗೆಗೆ ಬರೋಣ. ಪೇಟೆಯ ತಿನಿಸು ಬೇಡ. ಕಡಲೆಕಾಳು ಗಾತ್ರದ ರಾಗಿಮುದ್ದೆಯ ಚೂರು ಸಾಕು. ಬೇಯಿಸಿದ ಮೊಟ್ಟೆಯ ತುಣುಕು, ಮುಳ್ಳು ತೆಗೆದ ಕಾವೇರಿ ಮೀನಿನ ಎಸಳು ಇದ್ದರೆ ಇನ್ನೂ ಒಳ್ಳೆಯದು. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ತಿನಿಸು ಚಿಕ್ಕದಿರಬೇಕು, ಹೊತ್ತಿಗೆ ಸರಿಯಾಗಿ ಬೀಳಬೇಕು. ಹೊಟ್ಟೆ ತುಂಬಿದ ನಾಯಿ ಕಲಿಯುವುದಿಲ್ಲ, ಆದ್ದರಿಂದ ಊಟಕ್ಕೆ ಮುಂಚೆ ಕಲಿಸಿ. ಹಾಗೆಂದು ಉಪವಾಸ ಕೆಡವಬೇಡಿ.

ಮೊದಲು ಅಂಗಳದಲ್ಲಿ, ಬೇರೆ ಸದ್ದುಗದ್ದಲ ಇಲ್ಲದಾಗ, ನಾಲ್ಕು ಹೆಜ್ಜೆ ದೂರ ನಿಂತು ಹೆಸರು ಕೂಗಿ ಒಂದೇ ಸಲ ‘ಬಾ’ ಎನ್ನಿ. ತಿರುಗಿ ಹೆಜ್ಜೆ ಇಟ್ಟ ಕೂಡಲೇ ‘ಭೇಷ್’ ಎನ್ನಿ. ಕಾಲಬಳಿ ಬಂದಾಗ ತುಣುಕು ಕೊಡಿ, ಕತ್ತು ಸವರಿ, ಮತ್ತೆ ಆಡಲು ಬಿಟ್ಟುಬಿಡಿ. ಬಿಟ್ಟುಬಿಡುವುದೇ ಇಲ್ಲಿ ಮುಖ್ಯ. ಬಂದರೆ ಆಟ ಮುಗಿಯುವುದಿಲ್ಲ ಎಂದು ನಾಯಿಗೆ ಗೊತ್ತಾಗಬೇಕು. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಐದೇ ನಿಮಿಷ. ಅಂಗಳದಲ್ಲಿ ತಪ್ಪದೆ ಬರತೊಡಗಿದ ಮೇಲೆ ಬೀದಿ, ಬೀದಿಯಾದ ಮೇಲೆ ಹೊಲ, ಹೊಲದಲ್ಲಿ ಮೇಕೆಗಳ ನಡುವೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ಉದ್ದನೆಯ ಹಗ್ಗ ಕತ್ತಿನಲ್ಲಿರಲಿ, ದೂರ ಕಡಿಮೆ ಮಾಡಿ ಮತ್ತೆ ಮೊದಲಿನಿಂದ ತೊಡಗಿ. ಅಂಗಳದಲ್ಲಿ ಕಲಿತದ್ದು ತನ್ನಷ್ಟಕ್ಕೆ ಹೊಲಕ್ಕೆ ಹೋಗುವುದಿಲ್ಲ. ಕೂರು, ನಿಲ್ಲು ಎಂಬ ಪಾಠಗಳು ಕಲಿತ ಮೇಲೆ ತುಣುಕು ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರೂ ನಡೆಯುತ್ತದೆ. ‘ಬಾ’ ಎಂಬುದಕ್ಕೆ ಮಾತ್ರ ಸಾಯುವ ತನಕ ಕೂಲಿ ತಪ್ಪಿಸಬೇಡಿ. ನಾಯಿ ಎಷ್ಟೇ ತಡವಾಗಿ ಬರಲಿ, ಏನೇ ಮಾಡಿ ಬಂದಿರಲಿ, ಬಂದ ನಾಯಿಗೆ ಬೈಗುಳ ಕೂಡದು.

ನಿಮ್ಮ ಊರಿಗೇ ಸೇರಿದ ಒಂದು ತೊಡಕಿದೆ. ಇಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ನುಡಿ. ಅಜ್ಜಿ ತಮಿಳಿನಲ್ಲಿ ‘ವಾ’ ಎನ್ನುತ್ತಾರೆ, ಮೊಮ್ಮಗಳು ‘ಬಾ’ ಎನ್ನುತ್ತಾಳೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ರಜೆಯಲ್ಲಿ ಬಂದು ‘ಕಮ್’ ಎನ್ನುತ್ತಾನೆ. ನಾಯಿಗೆ ಯಾವ ನುಡಿಯಾದರೂ ಆದೀತು, ಆದರೆ ಒಂದು ಕೆಲಸಕ್ಕೆ ಇಡೀ ಮನೆಗೆ ಒಂದೇ ಮಾತು ಇರಲಿ. ಮನೆಯವರೆಲ್ಲ ಒಂದು ಸಂಜೆ ಕೂತು ಅದನ್ನು ತೀರ್ಮಾನಿಸಿಕೊಳ್ಳಿ. ಮಕ್ಕಳಿಗೆ ಇದರ ಜವಾಬ್ದಾರಿ ಕೊಟ್ಟರೆ ದೊಡ್ಡವರಿಗಿಂತ ಚೆನ್ನಾಗಿ ನಡೆಸುತ್ತಾರೆ.

‘ಬಾ’ ಆದ ಮೇಲೆ ‘ಬಿಡು’. ಈ ಸೀಮೆಯಲ್ಲಿ ಇದೂ ಪ್ರಾಣದ ಪಾಠ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯನ್ನು ಕಚ್ಚಿ ದವಡೆ ಕಳೆದುಕೊಂಡ ನಾಯಿಗೆ ಚಿಕಿತ್ಸೆ ಮಾಡುವುದು ಯಾವ ವೈದ್ಯನಿಗೂ ಬೇಡ. ವಿಷ ಹಾಕಿದ ಹೆಣಗಳ ಭಯ ಬೇರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಹೆಣ ತಿಂದು ಒಂದು ಹೆಣ್ಣು ಹುಲಿ, ಅದರ ನಾಲ್ಕು ಮರಿಗಳು ಸತ್ತವು. ಆ ನೋವಿನಿಂದ ನಾನಿನ್ನೂ ಹೊರಬಂದಿಲ್ಲ. ಅಂಥ ಹೆಣಕ್ಕೆ ನಾಯಿ ಬಾಯಿ ಹಾಕಿದರೂ ಅದೇ ಗತಿ. ‘ಬಿಡು’ ಕಲಿಸುವುದು ಹೀಗೆ: ಮುಚ್ಚಿದ ಮುಷ್ಟಿಯಲ್ಲಿ ಒಂದು ತುಣುಕು ಹಿಡಿದು ನಾಯಿಯ ಮುಂದೆ ಚಾಚಿ. ಅದು ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ಮನಿರಿ. ಬೇಸತ್ತು ಮೂತಿ ಹಿಂದೆಗೆದ ಆ ಕ್ಷಣದಲ್ಲಿ ‘ಭೇಷ್’ ಎಂದು ಇನ್ನೊಂದು ಕೈಯಿಂದ ಬೇರೆ ತುಣುಕು ಕೊಡಿ. ಮುಷ್ಟಿ ಕಂಡ ಕೂಡಲೇ ಮೂತಿ ತಿರುಗಿಸತೊಡಗಿದಾಗ ‘ಬಿಡು’ ಎಂಬ ಮಾತು ಸೇರಿಸಿ. ಆಮೇಲೆ ತೆರೆದ ಅಂಗೈ, ಆಮೇಲೆ ನೆಲದ ಮೇಲೆ, ಆಮೇಲೆ ದಾರಿಯಲ್ಲಿ. ಬಿಟ್ಟುಕೊಟ್ಟರೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದು ನಾಯಿ ನಂಬಬೇಕು. ಬಾಯಿಗೆ ಕೈಹಾಕಿ ಕಿತ್ತುಕೊಳ್ಳುವ ಅಭ್ಯಾಸ ಮಾಡಿದರೆ ಅದು ಬೇಗ ನುಂಗುವುದನ್ನು ಕಲಿಯುತ್ತದೆ.

ಗುರುಗುಟ್ಟುವ ನಾಯಿಯ ಬಗ್ಗೆ ತಾಯಂದಿರಿಗೆ ಒಂದು ಮಾತು. ನಾಯಿ ಗುರ್ ಎಂದರೆ ಹೊಡೆಯುವುದು ನಮ್ಮ ರೂಢಿ. ಗುರುಗುಟ್ಟುವುದು ಎಚ್ಚರಿಕೆ, ನನಗೆ ಭಯವಾಗಿದೆ, ದೂರ ಹೋಗು ಎಂಬ ಮಾತು. ಅದಕ್ಕೆ ಏಟು ಬಿದ್ದರೆ ನಾಯಿಯ ಭಯ ಹೋಗುವುದಿಲ್ಲ, ಎಚ್ಚರಿಕೆ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಇದ್ದಕ್ಕಿದ್ದಂತೆ ಕಚ್ಚಿತು ಎಂದು ಹೇಳುವ ಎಷ್ಟೋ ಪ್ರಸಂಗಗಳ ಹಿಂದೆ ಹೀಗೆ ಬಾಯಿ ಮುಚ್ಚಿಸಿದ ನಾಯಿ ಇರುತ್ತದೆ. ಉಣ್ಣುವಾಗ, ಮರಿ ಹಾಕಿದಾಗ, ಮಲಗಿದಾಗ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಉಣ್ಣುತ್ತಿರುವ ನಾಯಿ ಗುರುಗುಟ್ಟಿದರೆ ತಟ್ಟೆ ಎಳೆಯಬೇಡಿ. ದೂರದಿಂದಲೇ ಅದರ ತಟ್ಟೆಗೆ ಒಳ್ಳೆಯ ತುಣುಕು ಎಸೆಯುತ್ತಾ ಬನ್ನಿ. ಮನುಷ್ಯ ಹತ್ತಿರ ಬಂದರೆ ಊಟ ಹೆಚ್ಚುತ್ತದೆ ಎಂದು ಗೊತ್ತಾದ ದಿನ ಗುರುಗುಟ್ಟುವುದು ನಿಲ್ಲುತ್ತದೆ.

ಮುದ್ದಿಸಿ ಬೆಳೆಸಿದ ನಾಯಿ ಕಾವಲಿಗೆ ಬರುವುದಿಲ್ಲ ಎಂದು ಹಲವರು ವಾದಿಸುತ್ತಾರೆ. ಅವರಿಗೆ ನಮ್ಮ ಜಿಲ್ಲೆಯ ರಾಣಾನ ಕಥೆ ಹೇಳುತ್ತೇನೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಜರ್ಮನ್ ಶೆಫರ್ಡ್ ರಾಣಾ, ಮಧ್ಯಪ್ರದೇಶದಲ್ಲಿ ತರಬೇತಿ ಪಡೆದು ಬಂದ ಪತ್ತೆದಾರಿ ನಾಯಿಯಾಗಿತ್ತು. ವನ್ಯಜೀವಿ ಅಪರಾಧಗಳ ಪತ್ತೆಗಾಗಿ ಟ್ರಾಫಿಕ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಇಂಡಿಯಾ ಸಂಸ್ಥೆಗಳು ನಡೆಸುವ ಕಾರ್ಯಕ್ರಮದ ನಾಯಿ ಅದಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಇಬ್ಬರನ್ನು ಕೊಂದ ಹುಲಿಯ ಜಾಡು ಹಿಡಿಯಲು ಸಾಕಾನೆಗಳ ಜೊತೆ ರಾಣಾ ಹೋಗಿತ್ತು, ಹುಲಿ ಜೀವಂತ ಸೆರೆ ಸಿಕ್ಕಿತು. ಇಂಥ ನಾಯಿಗಳಿಗೆ ವಾಸನೆ ಹಿಡಿಯುವುದನ್ನು ಕಲಿಸುವುದು ಆಟದಿಂದ. ಬೇಕಾದ ವಾಸನೆ ಕಂಡುಹಿಡಿದರೆ ಚೆಂಡು ಸಿಗುತ್ತದೆ, ಹ್ಯಾಂಡ್ಲರ್ ಜೊತೆ ಎಳೆದಾಟ ಸಿಗುತ್ತದೆ. ಹೊಡೆದು ವಾಸನೆ ಹುಡುಕಿಸಲು ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಆ ವಾಸನೆ ಎಲ್ಲಿದೆ ಎಂಬುದು ಹೊಡೆಯುವವನಿಗೆ ಗೊತ್ತಿರುವುದಿಲ್ಲ! ಹುಲಿಯ ಹೆಜ್ಜೆಯ ಮೇಲೆ ನಡೆಯುವ ಧೈರ್ಯ ಚೆಂಡಿನಿಂದ ಬಂದಿದೆ ಎಂದಮೇಲೆ, ಹೊಲದ ಗುಡಿಸಲು ಕಾಯುವ ಧೈರ್ಯ ಮುದ್ದೆಯಿಂದ ಬರದೇ ಹೋದೀತೇ?

ತಿಂಡಿಯ ಆಸೆಗೆ ಮಾಡುವ ಕೆಲಸದಲ್ಲಿ ನಿಷ್ಠೆ ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಕೊಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ನಮ್ಮ ದೇಶದ ಬೀದಿನಾಯಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪರಿಚಯವಿಲ್ಲದ ಮನುಷ್ಯ ಕೆಲವು ನಾಯಿಗಳಿಗೆ ಮತ್ತೆ ಮತ್ತೆ ತಿನಿಸು ಕೊಟ್ಟ, ಕೆಲವುಗಳ ತಲೆ ಸವರಿದ. ಹೆಚ್ಚು ನಂಬಿಕೆ ತೋರಿ ಹತ್ತಿರ ಬಂದದ್ದು ತಲೆ ಸವರಿಸಿಕೊಂಡ ನಾಯಿಗಳು. ಯಾರೂ ತಲೆ ಮುಟ್ಟದ ಬೀದಿನಾಯಿಗೇ ಹೀಗಾದರೆ ಮನೆಯ ನಾಯಿಯ ಮಾತೇನು? ತಿನಿಸಿನ ಜೊತೆ ಕೈಯ ಸ್ಪರ್ಶವೂ ಇರಲಿ ಎಂದು ನಾನು ಹೇಳುವುದು ಇದಕ್ಕೆ. ಈ ತಂಡದ ಕೆಲಸ ನಮ್ಮ ನಾಟಿ ನಾಯಿಯ ಬುದ್ಧಿಗೂ ಸಾಕ್ಷಿ. ಅದೇ ತಂಡ ಕೈ ತೋರಿಸಿದ ಕಡೆಗೆ ಬೀದಿನಾಯಿಗಳು ಹೋಗುತ್ತವೆಯೇ ಎಂದು 2020ರಲ್ಲಿ ನೋಡಿತು. ಹೆದರದೆ ಹತ್ತಿರ ಬಂದವುಗಳಲ್ಲಿ ಬಹುಪಾಲು ಸರಿಯಾದ ಕಡೆಗೇ ಹೋದವು, ಅವುಗಳಿಗೆ ಯಾರೂ ಅದನ್ನು ಕಲಿಸಿರಲಿಲ್ಲ. ನಾಯಿಬಾಲ ಡೊಂಕು ಎಂಬ ಗಾದೆಯನ್ನು ನಾಯಿಯ ಬುದ್ಧಿಗೆ ಅನ್ವಯಿಸಬೇಡಿ. ಸಾವಿರಾರು ರೂಪಾಯಿ ಕೊಟ್ಟು ತಣ್ಣನೆಯ ದೇಶದ ಉದ್ದಗೂದಲಿನ ನಾಯಿ ತರುವುದೂ ಬೇಡ, ಈ ಬಿಸಿಲಿಗೆ ಅದು ಬೇಯುತ್ತದೆ. ಕರ್ನಾಟಕದ್ದೇ ಆದ ಮುಧೋಳ ನಾಯಿಯ ಚಿತ್ರವನ್ನು 2005ರಲ್ಲಿ ಅಂಚೆ ಚೀಟಿಯ ಮೇಲೆ ಹಾಕಿದರು, ಸೈನ್ಯವೂ ಅದನ್ನು ತರಬೇತಿಗೆ ಕರೆದುಕೊಂಡಿತು. ನಮ್ಮ ಕೇರಿಯ ನಾಯಿಗೆ ಅಂಚೆ ಚೀಟಿ ಇಲ್ಲದಿರಬಹುದು, ಕಲಿಯುವ ಶಕ್ತಿ ಖಂಡಿತ ಇದೆ.

ಮರಿ ತರುವವರು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿ. ಮೂರನೆಯ ವಾರದಿಂದ ಮೂರು ತಿಂಗಳ ತನಕ ಮರಿ ಕಂಡದ್ದನ್ನೆಲ್ಲ ತನ್ನದೆಂದು ಒಪ್ಪಿಕೊಳ್ಳುವ ಕಾಲ. ಆ ದಿನಗಳಲ್ಲಿ ಮೇಕೆ, ಕೋಳಿ, ಮಕ್ಕಳು, ಬಸ್ಸಿನ ಹಾರ್ನು, ತಮಟೆ ಸದ್ದು, ಛತ್ರಿ ಹಿಡಿದವರು, ಕಾಕಿ ತೊಟ್ಟವರು ಎಲ್ಲವನ್ನೂ ದೂರದಿಂದ ತೋರಿಸಿ ತುಣುಕು ಕೊಡಿ. ಕಿವಿ, ಪಂಜ, ಬಾಯಿ ಮುಟ್ಟಿ ತುಣುಕು ಕೊಡಿ. ಮುಂದೆ ನನ್ನಂಥ ವೈದ್ಯ ಮುಟ್ಟಿದಾಗ ಅದು ಹೆದರುವುದಿಲ್ಲ.

ಸರಪಳಿಯ ವಿಷಯ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ನಾಯಿಯ ಹೆಸರನ್ನೇ ಎತ್ತಿ ಹೇಳುತ್ತದೆ: ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದು ಅಪರಾಧ. ಕಾಯ್ದೆ ಇರಲಿ ಬಿಡಿ, ಹಗಲೆಲ್ಲ ಮೂರಡಿ ಸುತ್ತಿನಲ್ಲಿ ತಿರುಗುವ ಜೀವವನ್ನು ನೋಡಿ ನಮಗೇ ಸಂಕಟವಾಗಬೇಕು. ಹಾಗೆಂದು ರಾತ್ರಿಯೆಲ್ಲ ಬಿಚ್ಚಿ ಕಾಡಿಗೆ ಬಿಡುವುದೂ ಪ್ರೀತಿಯಲ್ಲ. ಅಲೆಯುವ ನಾಯಿಯನ್ನು ಚಿರತೆ ಹೊತ್ತೊಯ್ಯುತ್ತದೆ. ಅದರಿಂದ ರೇಬೀಸ್, ಡಿಸ್ಟೆಂಪರ್ ರೋಗಗಳು ಕೆನ್ನಾಯಿಗೂ ಹುಲಿಗೂ ಅಂಟಬಹುದು. 2018ರಲ್ಲಿ ಗಿರ್ ಕಾಡಿನ ಸಿಂಹಗಳು ಡಿಸ್ಟೆಂಪರ್‌ಗೆ ಬಲಿಯಾದದ್ದನ್ನು ಮರೆಯಬಾರದು. ನಾಯಿ ಬಿಟ್ಟು ಮೊಲ, ಜಿಂಕೆ ಅಟ್ಟಿಸುವುದಂತೂ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ನಿಮ್ಮ ಜೊತೆ ನಡೆಸಿ, ಹಗಲು ಬೇಲಿಯೊಳಗೆ ಬಿಡಿ, ರಾತ್ರಿ ಮನೆಯ ಒಳಗೋ ಭದ್ರವಾದ ಗೂಡಿನಲ್ಲೋ ಮಲಗಿಸಿ. ಒಳಗಿದ್ದರೂ ಆನೆಯ ವಾಸನೆಗೆ ಅದು ಬೊಗಳಿ ಎಬ್ಬಿಸುತ್ತದೆ. ನಮಗೆ ಬೇಕಾದ ಕಾವಲು ಅಷ್ಟೇ.

ಕೊನೆಯದಾಗಿ ಒಂದು ಕೇಳಿಕೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮಂತ್ರಕ್ಕೆ ಹೊತ್ತು ಕಳೆಯಬಾರದು. ನಾಯಿಯಿಂದ ಬರುವ ರೇಬೀಸನ್ನು 2030ರ ಒಳಗೆ ಇಲ್ಲವಾಗಿಸುವ ಗುರಿಯನ್ನು ದೇಶ ಇಟ್ಟುಕೊಂಡಿದೆ. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪ್ರತಿ ವರ್ಷ ಒಂದು. ಲಸಿಕೆ ಶಿಬಿರಗಳಲ್ಲಿ ನಮಗೆ ಎದುರಾಗುವ ದೊಡ್ಡ ತೊಂದರೆ ಔಷಧದ್ದಲ್ಲ, ನಾಯಿ ಕೈಗೆ ಸಿಗದಿರುವುದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ಸಂಜೆಯಿಂದಲೇ ನಿಮ್ಮ ನಾಯಿಗೆ ಹಗ್ಗದ ಅಭ್ಯಾಸ ಮಾಡಿಸಿ, ಕತ್ತು ಹಿಡಿಸಿಕೊಳ್ಳುವುದನ್ನು ಮುದ್ದೆ ಚೂರು ಕೊಟ್ಟು ಕಲಿಸಿ. ಆ ದಿನ ಗೋಪಿನಾಥಂನ ಪ್ರತಿಯೊಂದು ಮನೆಯಿಂದಲೂ ನಾಯಿಯನ್ನು ಎಳೆಯದೆ, ಹೊಡೆಯದೆ ಲಸಿಕೆಗೆ ನಡೆಸಿಕೊಂಡು ಬನ್ನಿ. ಶಾಲೆಯ ಮಕ್ಕಳು ಮುಂದೆ ನಿಂತು ಇದನ್ನು ನಡೆಸಿಕೊಡಬೇಕು ಎಂದು ಮೇಷ್ಟರುಗಳನ್ನೂ ಪಂಚಾಯಿತಿಯವರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.